ಬಿ/ಸಿಯಿಂದ ಸಿ ಶಾರ್ಪ್/ಡಿಗೆ: ಬೆರಳು ಮಾತು ಕೇಳುತ್ತಿಲ್ಲ

ಪ್ರಶ್ನೆ: ಒಂಬತ್ತು ವರ್ಷ ಬಿ/ಸಿ ಬಟನ್ ಅಕಾರ್ಡಿಯನ್‌ನಲ್ಲೇ ಐರಿಷ್ ರೀಲ್ (ವೇಗದ ಕುಣಿತದ ಟ್ಯೂನ್) ನುಡಿಸಿದ್ದೇನೆ; ಅದರ ಹೊರಸಾಲಿನ ಬಟನ್ ಬಿ ಶ್ರುತಿಯವು, ಒಳಸಾಲಿನವು ಸಿ ಶ್ರುತಿಯವು. ಐರಿಷ್ ಅಕಾರ್ಡಿಯನ್ ವಾದಕ ಜಾಕಿ ಡೇಲಿ ಅವರ ಪೋಲ್ಕಾ (ಇದೂ ಕುಣಿತದ ಟ್ಯೂನ್) ಕೇಳಿ ಹುಚ್ಚು ಹಿಡಿದು, ಎರಡೂ ಸಾಲು ಒಂದು ಪೂರ್ಣ ಸ್ವರ ಮೇಲಿರುವ ಸಿ ಶಾರ್ಪ್/ಡಿ ಅಕಾರ್ಡಿಯನ್ ಕೊಂಡೆ. ಹಳೇ ಅಭ್ಯಾಸದಲ್ಲಿ ಒತ್ತಿದರೆ ಡಿ ಟ್ಯೂನ್ ಇ ಆಗಿ ಕೇಳುತ್ತದೆ! ಎರಡನ್ನೂ ಉಳಿಸಿಕೊಳ್ಳಬಹುದಾ?

ಉತ್ತರ 1: ಬಹುದು. ಬಿ/ಸಿಯಲ್ಲಿ ಡಿ ಮೇಜರ್ ನುಡಿಸಲು ಎಫ್ ಶಾರ್ಪ್, ಸಿ ಶಾರ್ಪ್ ಎರಡಕ್ಕೂ ಹೊರಸಾಲಿಗೆ ಹಾರಬೇಕು. ಸಿ ಶಾರ್ಪ್/ಡಿಯಲ್ಲಿ ಎಲ್ಲ ಸ್ವರವೂ ಒಳಸಾಲಿನಲ್ಲೇ ಇದೆ. ಬೆರಳಿಗೆ ಆರಾಮ; ಆದರೆ ಒಂದೇ ಬಟನ್ ತಿದಿ ಒತ್ತಿದರೆ ಒಂದು ಸ್ವರ, ಎಳೆದರೆ ಇನ್ನೊಂದು ಕೊಡುವುದರಿಂದ ತಿದಿಗೆ ಕೆಲಸ ಜಾಸ್ತಿ. ಪೋಲ್ಕಾಗೆ ಆ ಎಳೆದಾಟವೇ ಚೆಂದ ಅಲ್ವಾ? ನಾನಂತೂ ಪೋಲ್ಕಾ ಸಿ ಶಾರ್ಪ್/ಡಿಯಲ್ಲಿ, ರೀಲ್ ಬಿ/ಸಿಯಲ್ಲಿ ಅಂತ ಹಂಚಿಕೊಂಡೆ.

ಉತ್ತರ 2: ಒಂದೇ ಟ್ಯೂನ್ ಎರಡರಲ್ಲೂ ಕಲಿಯಬೇಡಿ. ಸುಮ್ನೆ ತಲೆ ಕೆಡುತ್ತದೆ.

ಕೇಳಿದವರು: ನಿನ್ನೆ ಅದನ್ನೇ ಮಾಡಿ ಕೆಡಿಸಿಕೊಂಡೆ.