ಕ್ಯಾಲ್ಗರಿಯ ನೀಲಿ ಗಂಟೆ ಹೂ: ಉಳಿಸಬೇಕಾ, ಕೀಳಬೇಕಾ?

ಹಿತ್ತಿಲಗಿಡ: ಕೆನಡಾದ ಕ್ಯಾಲ್ಗರಿಯ ನಮ್ಮ ಬೇಲಿ ಪಕ್ಕ ನೀಲಿ ಗಂಟೆ ಹೂ ತಾನಾಗಿಯೇ ಬಂದಿದೆ. ಸೊಂಟದೆತ್ತರ ಕಾಂಡ, ಹೂವೆಲ್ಲ ಒಂದೇ ಕಡೆಗೆ ಜೋತಿವೆ. ಇಲ್ಲಿನದೇ ಹೇರ್‌ಬೆಲ್ ಅಲ್ವಾ? ಪಕ್ಕದ ಮನೆಯವರು ಕೀಳಿ ಅಂತಿದ್ದಾರೆ, ನನಗೆ ಮನಸ್ಸಿಲ್ಲ.

ಬೋನದಿದಂಡೆ: ಅಲ್ಲ. ಅದು ಕ್ರೀಪಿಂಗ್ ಬೆಲ್‌ಫ್ಲವರ್, ಕ್ಯಾಂಪನುಲಾ ರಾಪುನ್ಕುಲಾಯ್ಡೀಸ್. ಯುರೋಪಿನಿಂದ ತೋಟಕ್ಕೆ ಬಂದದ್ದು. ನಮ್ಮ ಆಲ್ಬರ್ಟಾ ಪ್ರಾಂತ್ಯದ ಕಾನೂನೇ ಅದನ್ನು ಕಳೆ ಅನ್ನುತ್ತೆ. ಹೇರ್‌ಬೆಲ್ ಅಂದರೆ ಕ್ಯಾಂಪನುಲಾ ರೊಟುಂಡಿಫೋಲಿಯಾ. ದಾರದಂಥ ಕಾಂಡ, ಗಾಳಿಗೆ ತೂಗಾಡುವ ಗಿಡ್ಡ ಗಿಡ.

ಹಿತ್ತಿಲಗಿಡ: ರೊಟುಂಡಿಫೋಲಿಯಾ ಅಂದರೆ ದುಂಡೆಲೆ! ನಮ್ಮ ಗಿಡದ ಬುಡದೆಲೆ ಅಂಗೈಯಗಲ ಇದೆ. ನಿಮ್ಮ ಮಾತೇ ನನ್ನ ಪರ ಆಯಿತಲ್ಲ.

ಬೋನದಿದಂಡೆ: ಹೇರ್‌ಬೆಲ್‌ನ ಆ ದುಂಡೆಲೆ ಉಗುರಿನಷ್ಟು, ಬುಡದಲ್ಲಿ ಮಾತ್ರ. ಹೂ ಬಿಡುವ ಹೊತ್ತಿಗೆ ಸಾಮಾನ್ಯವಾಗಿ ಒಣಗಿರುತ್ತೆ. ಕಾಂಡದಲ್ಲಿ ಉಳಿಯುವುದು ಗರಿಕೆಯಂಥ ಎಲೆ. ನಿಮ್ಮದರ ಅಂಚು ಗರಗಸದ ಹಾಗಿಲ್ಲವೇ?

ಮಲೆನಾಡು: ಅದಿರಲಿ, ಇದಕ್ಕೆ ಗಂಟೆ ಹೂ ಅಂತ ಹೆಸರಿಟ್ಟವರು ಯಾರು? ನಮ್ಮೂರಲ್ಲಿ ಗಂಟೆ ಹೂ ಅಂದರೆ ಕಾಂಪೌಂಡಿನ ಹಳದಿ ಟೆಕೋಮಾ.

ಬೋನದಿದಂಡೆ: ಟೆಕೋಮಾ ಕೂಡ ಅಮೆರಿಕ ಖಂಡದಿಂದ ಬಂದದ್ದೇ.

ಮಲೆನಾಡು: ಎಲ್ಲಿಂದಾದರೂ ಬರಲಿ! ನಮ್ಮಜ್ಜಿ ದೇವರಿಗೆ ಏರಿಸುತ್ತಿದ್ದ ಹೂ ಅದು. ಕೆನಡಾದಲ್ಲಿ ಕೂತು ನಮ್ಮ ಹೆಸರು ಕಿತ್ತುಕೊಳ್ಳಬೇಡಿ.

ಬೋನದಿದಂಡೆ: ಕಿತ್ತುಕೊಳ್ಳೋದಾ? ಕ್ಯಾಂಪನುಲಾ ಅನ್ನೋ ಲ್ಯಾಟಿನ್ ಪದಕ್ಕೇ ಪುಟ್ಟ ಗಂಟೆ ಅಂತ ಅರ್ಥ.

ಮಲೆನಾಡು: ಲ್ಯಾಟಿನ್ ಹೇಳಿದ ಹಾಗೆ ಕನ್ನಡ ಕುಣಿಯಬೇಕಾ?

ಮೈಸೂರುಸೊಸೆ: ಎರಡು ನೀಲಿ ಹೂವಿಗೂ ಒಂದೇ ಹೆಸರು, ಅದರಿಂದಲೇ ತೊಂದರೆ. ಹೇರ್‌ಬೆಲ್‌ಗೆ ಸಲ್ಲಬೇಕಾದ ಮರ್ಯಾದೆ ಕಳೆಗೆ ಸಿಗುತ್ತೆ. ಈ ಕಳೆಯನ್ನು ನಾನು ಮೂರು ಬೇಸಿಗೆ ಅಗೆದಿದ್ದೇನೆ. ಮೇಲೆ ದಾರದಂಥ ಬೇರು, ಕೆಳಗೆ ಕ್ಯಾರೆಟ್‌ನಂಥ ಬಿಳಿ ಗೆಡ್ಡೆ. ಚೂರು ಉಳಿದರೂ ಮತ್ತೆ ಚಿಗುರುತ್ತೆ. ಒಂದು ಗಿಡಕ್ಕೆ 15,000 ಬೀಜದವರೆಗೂ ಆಗುತ್ತೆ.

ಹಿತ್ತಿಲಗಿಡ: ಗೆಡ್ಡೆನಾ? ಅದನ್ನು ತಿನ್ನುತ್ತಾರೆ ಅಂತ ಓದಿದ್ದೇನೆ. ಹೂವಿಗೆ ಜೇನುಹುಳವೂ ಬರುತ್ತೆ. ಉಪಯೋಗದ ಗಿಡವನ್ನು ಕಳೆ ಅನ್ನೋದು ಯಾವ ನ್ಯಾಯ?

ಬೋನದಿದಂಡೆ: ಜೇನು ಹೇರ್‌ಬೆಲ್‌ಗೂ ಬರುತ್ತೆ. ಅದರ ಜಾಗವನ್ನೇ ಇದು ನುಂಗುತ್ತಿದೆ. ಸುಮ್ನೆ ವಾದ ಬೇಡ, ಒಂದು ಗಿಡ ಅಗೆದು ನೋಡಿ.

ಮಲೆನಾಡು: ಅಗೆಯಿರಿ, ಬಿಡಿ. ಗಂಟೆ ಹೂ ಮಾತ್ರ ಅನ್ನಬೇಡಿ.

ಹಿತ್ತಿಲಗಿಡ: ಅಗೆದೆ. ಬಿಳಿ ಗೆಡ್ಡೆ ಬಂತು, ಅರ್ಧಕ್ಕೇ ತುಂಡಾಯಿತು. ಸರಿ, ಬೀಜ ಕಟ್ಟುವ ಮುಂಚೆ ಹೂ ಕತ್ತರಿಸುತ್ತೇನೆ. ಕೀಳೋದು ಆಮೇಲೆ ನೋಡೋಣ. ಬೇಲಿಯೊಳಗೇ ಇದ್ದರೆ ಯಾರಿಗೇನು ಕಷ್ಟ?

ಮೈಸೂರುಸೊಸೆ: ನಮ್ಮ ಅಂಗಳಕ್ಕೆ ಅದು ಬಂದದ್ದೇ ಬೇಲಿ ಕೆಳಗಿಂದ.