ಕಿಡ್ಯೊ ಮೇಲಿನ ಸಕ್ಕರೆ ಅಂಟಂಟಾಗಿಯೇ ಉಳಿಯುತ್ತಿದೆ: ಅಮ್ಮನ ಪುಸ್ತಕದ ಒಂದು ಸಾಲು ಅರ್ಥವಾಗುತ್ತಿಲ್ಲ

ಕುಲಶೇಖರದವ (ಪ್ರಶ್ನೆ)

ನಾನು ಮಂಗಳೂರಿನ ಕುಲಶೇಖರದಲ್ಲಿ ಹುಟ್ಟಿ ಬೆಳೆದವನು. 22 ವರ್ಷಗಳಿಂದ ಬೆಂಗಳೂರಿನಲ್ಲಿದ್ದೇನೆ. ನಮ್ಮ ಕಡೆಯ ಕಥೋಲಿಕ ಮನೆಗಳಲ್ಲಿ ಕ್ರಿಸ್ಮಸ್ಸಿಗೆಂದು ಮಾಡುವ ನೆವ್ರ್ಯೊ, ಗುಳಿಯೊ, ಕೊಕ್ಕಿಸಾಂ, ತುಕ್ಡಿ, ಚಕ್ಕುಲಿ ಮೊದಲಾದ ತಿಂಡಿಗಳಿಗೆಲ್ಲ ಸೇರಿ ಕುಸ್ವಾರ್ ಎಂಬ ಹೆಸರಿದೆ. ಅವುಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕಿಡ್ಯೊ. ಹೆಸರಿನ ಅರ್ಥ ಹುಳುಗಳು ಎಂದೇ. ಮೈದಾ ಹಿಟ್ಟಿನ ಗೋಲಿಯಷ್ಟು ಉಂಡೆಯನ್ನು ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಸುತ್ತಿ, ಎಣ್ಣೆಯಲ್ಲಿ ಕರಿದು, ಸಕ್ಕರೆ ಪಾಕದಲ್ಲಿ ಹೊರಳಿಸಿದಾಗ ಅದು ನಿಜಕ್ಕೂ ಬಿಳಿಯ ಹುಳುವಿನಂತೆಯೇ ಕಾಣುತ್ತದೆ.

ಕಳೆದ ಮಾರ್ಚ್‌ನಲ್ಲಿ ಅಮ್ಮ ತೀರಿಕೊಂಡರು. ಅವರ ಅಡುಗೆಯ ನೋಟ್‌ಪುಸ್ತಕ ನನ್ನ ಪಾಲಿಗೆ ಬಂದಿದೆ. ಕನ್ನಡ ಲಿಪಿಯ ಕೊಂಕಣಿ ವಾರಪತ್ರಿಕೆ 'ರಾಕ್ಣೊ'ವನ್ನು ವಾರ ವಾರ ತಪ್ಪದೆ ಓದುತ್ತಿದ್ದವರಾದ್ದರಿಂದ ಅವರು ಬರೆದದ್ದೆಲ್ಲ ಹಾಗೆಯೇ ಇದೆ. ಕಿಡ್ಯೊ ಪುಟದಲ್ಲಿ 4 ಕುಡ್ತೆ ಮೈದಾ, 2 ಮೊಟ್ಟೆ, ಅರ್ಧ ಕುಡ್ತೆ ದಪ್ಪ ತೆಂಗಿನಹಾಲು, ನಿಂಬೆ ಗಾತ್ರದ ಬೆಣ್ಣೆ, ಉಪ್ಪು ಎಂದಿದೆ. ಅಮ್ಮನ ಕುಡ್ತೆ ಇಂದಿಗೂ ಮನೆಯಲ್ಲಿದೆ, ಅಳೆದು ನೋಡಿದೆ, ಸುಮಾರು 200 ಮಿಲಿಲೀಟರ್ ಹಿಡಿಯುತ್ತದೆ. ಆದ್ದರಿಂದ ಹಿಟ್ಟಿನ ವಿಷಯದಲ್ಲಿ ತೊಂದರೆಯಿಲ್ಲ. ತೊಂದರೆ ಇರುವುದು ಪಾಕದಲ್ಲಿ. ಅಲ್ಲಿ ಒಂದೂವರೆ ಕುಡ್ತೆ ಸಕ್ಕರೆ, ಅರ್ಧ ಕುಡ್ತೆ ನೀರು, ಅದರ ಕೆಳಗೆ 'ದೂದ್, ಏಕ್ ಕುಲೆರ್', ಎಂದರೆ ಹಾಲು ಒಂದು ಚಮಚ ಎಂದು ಬರೆದು, ಮುಂದೆ ಒಂದು ಅಕ್ಷರವನ್ನೂ ಬರೆದಿಲ್ಲ. ಇಷ್ಟು ಸಕ್ಕರೆಗೆ ಒಂದೇ ಚಮಚ ಹಾಲಿನಿಂದ ಯಾವ ರುಚಿ ಬರಬೇಕು ಎಂದು ತಿಳಿಯದೆ ನಾನು ಅದನ್ನು ಬಿಟ್ಟುಬಿಟ್ಟೆ. ಪಾಕ ಗಟ್ಟಿಯಾಗದಿರಲಿ ಎಂದು, ಎಲ್ಲೋ ಓದಿದ ನೆನಪಿನಿಂದ, ಅರ್ಧ ನಿಂಬೆಹಣ್ಣಿನ ರಸ ಹಿಂಡಿದೆ.

ಎರಡು ಸಲ ಮಾಡಿದೆ, ಎರಡು ಸಲವೂ ಸಕ್ಕರೆ ಹರಳುಗಟ್ಟಲಿಲ್ಲ. ಮರುದಿನ ಡಬ್ಬಿ ತೆಗೆದರೆ ಎಲ್ಲವೂ ಒಂದಕ್ಕೊಂದು ಅಂಟಿ ಒಂದೇ ಮುದ್ದೆಯಾಗಿತ್ತು. ಅಮ್ಮನ ಕಿಡ್ಯೊ ಡಬ್ಬಿಯನ್ನು ಅಲುಗಾಡಿಸಿದರೆ ಗಲಗಲ ಎನ್ನುತ್ತಿತ್ತು. ಕದ್ದು ತಿನ್ನಲು ಹೋದಾಗಲೆಲ್ಲ ನಾನು ಸಿಕ್ಕಿಬೀಳುತ್ತಿದ್ದದ್ದು ಆ ಸದ್ದಿನಿಂದಲೇ. ನನ್ನ ತಪ್ಪು ಎಲ್ಲಿದೆ ಎಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಧಾರವಾಡದವಳು

ನಾನು ಕಿಡ್ಯೊ ಮಾಡಿದವಳಲ್ಲ, ತಿಂದವಳೂ ಅಲ್ಲ. ಆದರೆ ನಿಮ್ಮ ಅಮ್ಮನವರ ಆ ಒಂದು ಚಮಚ ಹಾಲಿನ ಸಂಗತಿ ಓದಿದ ಕೂಡಲೇ ನಮ್ಮವ್ವ ಸಂಕ್ರಮಣಕ್ಕೆ ಕುಸುರೆಳ್ಳು ಮಾಡುತ್ತಿದ್ದುದು ಕಣ್ಣ ಮುಂದೆ ಬಂತು.

ಹಾಲು ರುಚಿಗಲ್ಲ, ಪಾಕದ ಕೊಳೆ ತೆಗೆಯುವುದಕ್ಕೆ. ಸಕ್ಕರೆ ಕರಗಿ ಕುದಿ ಬರುವಾಗ ಒಂದು ಚಮಚ ಹಾಲು ಹಾಕಿದರೆ ಅದು ಒಡೆಯುತ್ತದೆ, ಸಕ್ಕರೆಯಲ್ಲಿದ್ದ ಕಸವನ್ನೆಲ್ಲ ಹಿಡಿದುಕೊಂಡು ಬೂದು ಬಣ್ಣದ ನೊರೆಯಾಗಿ ಅಂಚಿಗೆ ಬಂದು ನಿಲ್ಲುತ್ತದೆ. ಅದನ್ನು ಸೌಟಿನಿಂದ ತೆಗೆದು ಚೆಲ್ಲಿದರೆ ಕೆಳಗೆ ಉಳಿಯುವ ಪಾಕ ನೀರಿನಷ್ಟು ತಿಳಿ. ಅದಾದ ಮೇಲೆ ಅದು ಹರಳುಗಟ್ಟಿದಾಗ ಬೆಳ್ಳಗೆ ಬರುತ್ತದೆ. ಈ ಕೆಲಸ ಮುಗಿದ ಮೇಲೆ ಹಾಲಿಗೆ ಪಾಕದಲ್ಲಿ ಬೇರೆ ಕೆಲಸವಿಲ್ಲದ್ದರಿಂದಲೇ ನಿಮ್ಮ ಅಮ್ಮನವರು ಮುಂದೆ ಏನನ್ನೂ ಬರೆಯಲಿಲ್ಲ ಎಂದು ನನಗನ್ನಿಸುತ್ತದೆ. ಮಾಡುವವರಿಗೆ ಗೊತ್ತಿರುವುದನ್ನು ಯಾರು ಬರೆದಿಡುತ್ತಾರೆ?

ನಿಮ್ಮನ್ನು ಕೆಡಿಸಿದ್ದು ನಿಂಬೆರಸ. ಹುಳಿ ಬಿದ್ದ ಪಾಕ ಕುದಿಯುತ್ತಿದ್ದಂತೆ ಸಕ್ಕರೆಯ ಒಂದು ಭಾಗ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ, ಅವೆರಡೂ ಉಳಿದ ಸಕ್ಕರೆಯನ್ನು ಹರಳಾಗಲು ಬಿಡುವುದಿಲ್ಲ. ಜಾಮೂನಿನ ಪಾಕಕ್ಕೆ ನಾವು ನಿಂಬೆ ಹಿಂಡುವುದು ಇದೇ ಕಾರಣಕ್ಕೆ, ಅಲ್ಲಿ ಪಾಕ ತಿಳಿಯಾಗಿಯೇ ಉಳಿಯಬೇಕು. ಕಿಡ್ಯೊಗೆ ಬೇಕಾದದ್ದು ಅದರ ತದ್ವಿರುದ್ಧ. ಅದರ ಮೇಲೆ ಈ ಒಡೆದ ಸಕ್ಕರೆ ಗಾಳಿಯ ತೇವವನ್ನು ಹೆಚ್ಚು ಹೀರಿಕೊಳ್ಳುತ್ತದೆ, ಹಾಗಾಗಿ ಮರುದಿನ ಮುದ್ದೆಯಾಗದೆ ಬೇರೆ ದಾರಿಯಿರಲಿಲ್ಲ.

ಈಗ ಮಾಡುವ ಬಗೆ. ಕೊಳೆ ತೆಗೆದ ಪಾಕವನ್ನು ಕುದಿಸುತ್ತಾ ಹೋಗಿ, ಒಂದು ಹನಿಯನ್ನು ತಣ್ಣೀರಿನ ಬಟ್ಟಲಿಗೆ ಬಿಟ್ಟರೆ ಅದು ಕರಗದೆ ಬೆರಳಲ್ಲಿ ಮೆತ್ತನೆಯ ಉಂಡೆಯಾಗಬೇಕು. ಅಳತೆಯ ಕಡ್ಡಿ ಇದ್ದರೆ 113ರಿಂದ 115 ಡಿಗ್ರಿ ಸೆಲ್ಸಿಯಸ್. ಆಗ ಒಲೆಯಿಂದ ಇಳಿಸಿ, ಪೂರ್ತಿ ಆರಿದ ಕಿಡ್ಯೊ ಸುರಿದು, ಬಿಡದೆ ಕೈಯಾಡಿಸಬೇಕು. ಮೊದಲೆರಡು ನಿಮಿಷ ಏನೂ ಆಗುವುದಿಲ್ಲ, ಕೆಟ್ಟಿತು ಎಂದು ಅನ್ನಿಸುತ್ತದೆ. ಆಮೇಲೆ ಪಾಕ ಮಂಕಾಗುತ್ತದೆ, ಸೌಟು ಭಾರವಾಗುತ್ತದೆ, ನೋಡನೋಡುತ್ತಿದ್ದಂತೆ ಎಲ್ಲವೂ ಬೆಳ್ಳಗಾಗಿ ಬಿಡಿಬಿಡಿಯಾಗುತ್ತದೆ. ಆ ಕ್ಷಣದವರೆಗೆ ಕೈ ನಿಲ್ಲಿಸಬಾರದು. ಅನುಮಾನವಿದ್ದರೆ ಒಂದು ಚಮಚ ಸಕ್ಕರೆ ಪುಡಿ ಉದುರಿಸಿ. ಮೊಸರಿಗೆ ಹೆಪ್ಪು ಹಾಕಿದ ಹಾಗೆ, ಅದನ್ನು ಹಿಡಿದುಕೊಂಡೇ ಉಳಿದ ಸಕ್ಕರೆ ಹರಳುಗಟ್ಟುತ್ತದೆ.

ಕುಸುರೆಳ್ಳಿನಲ್ಲಿ ನಾವು ಪಾಕವನ್ನು ಒಟ್ಟಿಗೆ ಸುರಿಯುವುದಿಲ್ಲ. ಸಣ್ಣ ಕೆಂಡದ ಮೇಲಿನ ಅಗಲ ಪರಾತದಲ್ಲಿ ಎಳ್ಳು ಹರಡಿ, ಚಮಚ ಚಮಚವಾಗಿ ಪಾಕ ಚಿಮುಕಿಸುತ್ತಾ ಬೆರಳಿನಿಂದ ಆಡಿಸುತ್ತೇವೆ. ದಿನಗಟ್ಟಲೆ ಹಾಗೆ ಮಾಡಿದ ಮೇಲೆ ಕಾಳಿನ ಮೈತುಂಬ ಬಿಳಿ ಮುಳ್ಳು ಏಳುತ್ತವೆ. ಅವ್ವನ ಬೆರಳ ತುದಿಗಳು ಸಂಕ್ರಮಣದ ಹೊತ್ತಿಗೆ ಕೆಂಪಾಗಿರುತ್ತಿದ್ದವು. ನಿಮ್ಮ ಕಿಡ್ಯೊ ಅದಕ್ಕಿಂತ ಬಹಳ ಸುಲಭ, ಹೆದರಬೇಡಿ.

ನಿವೃತ್ತ ಮಂಗಳೂರಿಗ

ಮೇಲಿನ ತಾಯಿಯವರು ಪಾಕದ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಪಾಕ ಸರಿಯಾಗಿಯೂ ಮೂರನೆಯ ದಿನಕ್ಕೆ ಸಕ್ಕರೆ ಒದ್ದೆಯಾಗುವುದನ್ನು ನಾನು ಕಂಡಿದ್ದೇನೆ. ಅದರ ಮೂಲ ಬಾಣಲೆಯಲ್ಲಿದೆ. ಎಣ್ಣೆ ತೀರಾ ಕಾದಿದ್ದರೆ ಕಿಡ್ಯೊ ಹೊರಗೆ ಬೇಗ ಕೆಂಪಾಗಿ, ಸುರುಳಿಯ ಒಳಮಡಿಕೆಯಲ್ಲಿ ಹಸಿ ಹಿಟ್ಟು ಉಳಿಯುತ್ತದೆ. ಆ ತೇವ ನಿಧಾನವಾಗಿ ಹೊರಬಂದು ಸಕ್ಕರೆಯನ್ನು ಕರಗಿಸುತ್ತದೆ. ಮಧ್ಯಮ ಉರಿಯಲ್ಲಿ, ಎಣ್ಣೆಯ ಗುಳ್ಳೆ ಹೆಚ್ಚುಕಡಿಮೆ ನಿಲ್ಲುವವರೆಗೆ ಕರಿಯಬೇಕು. ನಮ್ಮ ಮನೆಯಲ್ಲಿ ಒಂದು ಸಂಜೆ ಕರಿದು, ಬಟ್ಟೆಯ ಮೇಲೆ ಹರಡಿ, ಮರುದಿನ ಬೆಳಿಗ್ಗೆ ಸಕ್ಕರೆ ಹಿಡಿಸುತ್ತಿದ್ದರು. ಬಿಸಿಯಾಗಿದ್ದಾಗಲೇ ಡಬ್ಬಿಗೆ ತುಂಬಿದರೆ ಮುಚ್ಚಳ ಬೆವರುತ್ತದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಎಣ್ಣೆಯ ಬಗ್ಗೆ ನೀವು ಬರೆದಿಲ್ಲ. ಬೆಂಗಳೂರಿನಲ್ಲಿ ಸೂರ್ಯಕಾಂತಿ ಎಣ್ಣೆಯಲ್ಲಿ ಕರಿದಿದ್ದರೆ ತಿಂಡಿ ಚೆನ್ನಾಗಿಯೇ ಬರುತ್ತದೆ, ಆದರೆ ಅದು ಅಮ್ಮನ ಕಿಡ್ಯೊ ಆಗುವುದಿಲ್ಲ. ತೆಂಗಿನ ಎಣ್ಣೆ, ಅದೂ ಗಾಣದಿಂದ ತಂದದ್ದು. ಡಿಸೆಂಬರಿನಲ್ಲಿ ನಮ್ಮ ಓಣಿಗೆ ಕಾಲಿಟ್ಟರೆ ಯಾವ ಮನೆಯಲ್ಲಿ ಕುಸ್ವಾರ್ ಶುರುವಾಗಿದೆ ಎಂದು ಮೂಗಿಗೇ ತಿಳಿಯುತ್ತಿತ್ತು. ಬಾಚಣಿಗೆಯನ್ನೂ ಪ್ರತಿ ವರ್ಷ ಹೊಸದಾಗಿ ಕೊಳ್ಳುತ್ತಿರಲಿಲ್ಲ. ಒಂದೇ ಬಾಚಣಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಕೊಕ್ಕಿಸಾಂ ಅಚ್ಚಿನ ಜೊತೆ ಇಡುತ್ತಿದ್ದರು. ಅದರಲ್ಲಿ ತಲೆ ಬಾಚಿಕೊಂಡ ನನ್ನ ಅಣ್ಣನಿಗೆ ಬಿದ್ದ ಪೆಟ್ಟು ನನಗೆ ಇಂದಿಗೂ ನೆನಪಿದೆ.

ಕೇಕಿನ ಮಾತನ್ನು ಯಾರೂ ಎತ್ತಲಿಲ್ಲವಲ್ಲ, ಒಂದು ಮಾತು ಹೇಳಿಬಿಡುತ್ತೇನೆ. ಆಗ ಮನೆಯಲ್ಲಿ ಓವನ್ ಎಲ್ಲಿತ್ತು? ಕೆಲವರು ಪಾತ್ರೆಯಲ್ಲಿ ಮರಳು ಹಾಕಿ, ಮೇಲೂ ಕೆಳಗೂ ಕೆಂಡವಿಟ್ಟು ಬೇಯಿಸುತ್ತಿದ್ದರು. ನಾವು ಹಿಟ್ಟು ಕಲಸಿ, ಟಿನ್ನಿಗೆ ಸುರಿದು, ಹೆಸರಿನ ಚೀಟಿ ಅಂಟಿಸಿ ಹತ್ತಿರದ ಬೇಕರಿಗೆ ಒಯ್ಯುತ್ತಿದ್ದೆವು. ಬ್ರೆಡ್ಡು ತೆಗೆದ ಮೇಲೆ ಸೌದೆ ಒಲೆಯಲ್ಲಿ ಉಳಿದ ಬಿಸಿಯಲ್ಲಿ ಬೇಯಿಸಿ ಕೊಡುತ್ತಿದ್ದರು. ಒಂದು ವರ್ಷ ಚೀಟಿ ಸುಟ್ಟುಹೋಗಿ ನಮಗೆ ಬೇರೆಯವರ ಕೇಕ್ ಬಂತು. ಅದರಲ್ಲಿ ದ್ರಾಕ್ಷಿ ನಮ್ಮದರ ಎರಡರಷ್ಟಿತ್ತು. ಅಮ್ಮ ಮರಳಿಸಬೇಕೆಂದು ಹಟ ಹಿಡಿದರು, ಅಪ್ಪ ಅಷ್ಟರಲ್ಲಿ ಕತ್ತರಿಸಿಯಾಗಿತ್ತು.

ಕುವೈತಿನಿಂದ

ಬಾಚಣಿಗೆಯಿಲ್ಲದವರು ಫೋರ್ಕಿನ ಬೆನ್ನಿನ ಮೇಲೆ ಸುತ್ತಬಹುದು, ಗೆರೆಗಳು ಸ್ವಲ್ಪ ಅಗಲವಾಗುತ್ತವೆ ಅಷ್ಟೇ. ಕೊಕ್ಕಿಸಾಂ ಅಚ್ಚಿಗೆ ನಾನು ಇಲ್ಲಿ ಎಲ್ಲ ಅಂಗಡಿಗಳನ್ನೂ ತಿರುಗಿ ಸೋತಿದ್ದೆ. ಕೊನೆಗೆ ಪಕ್ಕದ ಮನೆಯ ಕೇರಳದ ಚೇಚಿ ತಮ್ಮ ಅಚ್ಚಪ್ಪಂ ಅಚ್ಚು ತೋರಿಸಿದರು; ನೋಡಿದರೆ ಅದೇ ಹೂವು, ಅದೇ ಉದ್ದನೆಯ ಹಿಡಿ. ಈಗ ನಮ್ಮಿಬ್ಬರಿಗೂ ಒಂದೇ ಅಚ್ಚು.

ಉಡುಪಿಯ ನೆರೆಮನೆ

ನಾವು ಗೌಡ ಸಾರಸ್ವತರು, ನಮ್ಮಲ್ಲಿ ಚೌತಿಗೆ ನೆವ್ರಿ, ಎಂದರೆ ಅರ್ಧಚಂದ್ರದಂತಹ ಕರ್ಜಿಕಾಯಿ, ಮಾಡುತ್ತಾರೆ. ಪಕ್ಕದ ಮನೆಯ ಬಾಯಮ್ಮನವರು ಕ್ರಿಸ್ಮಸ್ಸಿಗೆ ಕಳುಹಿಸುವ ತಟ್ಟೆಯಲ್ಲಿಯೂ ಅದೇ ಅರ್ಧಚಂದ್ರ ಬರುತ್ತಿತ್ತು. ಒಂದು ಡಿಸೆಂಬರಿನಲ್ಲಿ ಅವರ ಕಿಡ್ಯೊ ಒದ್ದೆಯಾದಾಗ ನನ್ನ ಅಜ್ಜಿ ಅದನ್ನು ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಬಿಸಿಮಾಡಿ, ಸಕ್ಕರೆ ಪುಡಿಯಲ್ಲಿ ಹೊರಳಿಸಿ ಮರಳಿಸಿದ್ದರು. ಮೊದಲಿನ ರೂಪ ಬರಲಿಲ್ಲ, ಆದರೆ ತಿನ್ನುವ ಹಾಗಾಯಿತು. ಆದ್ದರಿಂದ ನೀವು ಮಾಡಿದ ಆ ಮುದ್ದೆಯನ್ನು ಎಸೆಯಬೇಡಿ.

ಕುಲಶೇಖರದವ

ಎಲ್ಲರಿಗೂ ಕೃತಜ್ಞತೆಗಳು. ಮುದ್ದೆಯನ್ನು ಅಜ್ಜಿಯ ಉಪಾಯದಂತೆ ಬಿಡಿಸಿದೆ, ಮುಕ್ಕಾಲು ಪಾಲು ಉಳಿಯಿತು. ಶನಿವಾರ ಹೊಸದಾಗಿ ಹಿಟ್ಟು ಕಲಸಿ, ತೆಂಗಿನ ಎಣ್ಣೆಯಲ್ಲಿ ನಿಧಾನವಾಗಿ ಕರಿದು ರಾತ್ರಿಯಿಡೀ ಆರಲು ಬಿಟ್ಟೆ. ಭಾನುವಾರ ಪೂಜೆ ಮುಗಿಸಿ ಬಂದು ಪಾಕಕ್ಕಿಟ್ಟೆ. ಹಾಲು ಬಿದ್ದ ಕೂಡಲೇ, ಧಾರವಾಡದವರು ಹೇಳಿದಂತೆಯೇ, ಬೂದು ನೊರೆ ಪಾತ್ರೆಯ ಅಂಚಿಗೆ ಬಂದು ನಿಂತಿತು. ಅಂಗಡಿಯ ಬಿಳಿ ಸಕ್ಕರೆಯಲ್ಲಿ ಅಷ್ಟು ಕೊಳೆ ಇರುತ್ತದೆಂದು ನಾನು ಎಣಿಸಿರಲಿಲ್ಲ.

ಕೈಯಾಡಿಸುವಾಗ ಎರಡು ನಿಮಿಷವಾದರೂ ಏನೂ ಆಗಲಿಲ್ಲ, ಮೂರನೆಯದಕ್ಕೂ ಆಗಲಿಲ್ಲ. ಸಕ್ಕರೆ ಪುಡಿ ಎಲ್ಲಿದೆ ಎಂದು ಹೆಂಡತಿಯನ್ನು ಕೂಗುವಷ್ಟರಲ್ಲಿ ಸೌಟು ಭಾರವಾಯಿತು. ಆಮೇಲೆ ನಡೆದದ್ದನ್ನು ನೋಡಲು ಮಕ್ಕಳೂ ಬಂದು ನಿಂತರು: ಬಾಣಲೆಯ ಒಂದು ಮೂಲೆಯಿಂದ ಬಿಳುಪು ಎದ್ದು, ನಾನು ಸೌಟು ಎರಡು ಸುತ್ತು ತಿರುಗಿಸುವುದರೊಳಗೆ ಇನ್ನೊಂದು ಮೂಲೆ ಮುಟ್ಟಿತು. ನಾಲ್ಕು ದಿನಗಳಾಗಿವೆ, ಡಬ್ಬಿ ಇನ್ನೂ ಗಲಗಲ ಎನ್ನುತ್ತಿದೆ.

ಪುಸ್ತಕದಲ್ಲಿ ಅಮ್ಮನ 'ದೂದ್, ಏಕ್ ಕುಲೆರ್' ಎಂಬ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಒಂದು ಸಾಲು ಸೇರಿಸಿದ್ದೇನೆ: ಲಿಂಬೊ ನಾಕಾ, ಎಂದರೆ ನಿಂಬೆ ಬೇಡ.