ಹಳೆಯ ಕ್ಯಾಸೆಟ್ ಇಳಿಸಲು ಅಗ್ಗದ ಸೌಂಡ್ ಕಾರ್ಡ್ ಯಾವುದು? ಅನುಭವವಿದ್ದವರು ತಿಳಿಸಿ

ಜಮಖಂಡಿಯಿಂದ ಪ್ರಶ್ನೆ:

ನಾನು ಪ್ರಾಥಮಿಕ ಶಾಲೆಯ ಶಿಕ್ಷಕ. ನಮ್ಮೂರ ಮಠದಲ್ಲಿ ಅಮಾವಾಸ್ಯೆಗೊಮ್ಮೆ ನಡೆಯುತ್ತಿದ್ದ ಭಜನೆಯನ್ನು ತಂದೆಯವರು ರೆಕಾರ್ಡ್ ಮಾಡಿಟ್ಟ ಸುಮಾರು ನಲವತ್ತು ಕ್ಯಾಸೆಟ್‌ಗಳು ಮನೆಯಲ್ಲಿವೆ. ಅವನ್ನು ಕಂಪ್ಯೂಟರಿಗೆ ಇಳಿಸಲೆಂದು ಟೇಪಿನ ಇಯರ್‌ಫೋನ್ ಸಾಕೆಟ್ಟಿನಿಂದ ಕಂಪ್ಯೂಟರಿನ ಮುಂಭಾಗದ ಗುಲಾಬಿ ಸಾಕೆಟ್ಟಿಗೆ ವೈರು ಜೋಡಿಸಿದೆ. ಧ್ವನಿ ಒಡೆದು ಬರುತ್ತದೆ, ಹಿಂದೆ ಸದಾ ಗುಂಯ್ ಎಂಬ ಸದ್ದಿರುತ್ತದೆ. ಧ್ವನಿಯನ್ನು ಕಂಪ್ಯೂಟರಿಗೆ ಒಳತರುವ ಸೌಂಡ್ ಕಾರ್ಡ್ ಬೇಕೆಂದು ಕೇಳಿದರೆ, ಒಬ್ಬ ಅಂಗಡಿಯವರು ಕಂಪ್ಯೂಟರಿನ ಒಳಗೆ ಕೂರಿಸುವ ಕಾರ್ಡ್ ತೆಗೆದುಕೊಳ್ಳಿ ಎನ್ನುತ್ತಾರೆ, ಇನ್ನೊಬ್ಬರು ಯುಎಸ್‌ಬಿಯದೇ ಸಾಕು ಎನ್ನುತ್ತಾರೆ. ಮೂರೂವರೆ ಸಾವಿರ ರೂಪಾಯಿಗಿಂತ ಹೆಚ್ಚು ಖರ್ಚು ಮಾಡಲಾರೆ.

ಬೆಳಗಾವಿಯಿಂದ ಉತ್ತರ:

ಗುರುಗಳೇ, ದುಡ್ಡು ತೆಗೆಯುವ ಮೊದಲು ಕಂಪ್ಯೂಟರಿನ ಹಿಂಭಾಗವನ್ನು ಬ್ಯಾಟರಿ ಹಿಡಿದು ಒಮ್ಮೆ ನೋಡಿರಿ. ಹಸಿರು, ಗುಲಾಬಿ ಸಾಕೆಟ್‌ಗಳ ಜೊತೆಗೆ ನೀಲಿಯದೊಂದು ಇದ್ದರೆ ಅದೇ ಲೈನ್-ಇನ್, ಅಂದರೆ ಟೇಪಿನಂಥ ಉಪಕರಣದ ಧ್ವನಿ ಒಳಬರುವ ದಾರಿ; ನಿಮಗೆ ಬೇಕಾದದ್ದೂ ಅದೇ. ಗುಲಾಬಿ ಸಾಕೆಟ್ ಇರುವುದು ಮೈಕಿಗಾಗಿ. ಮೈಕು ಕೊಡುವ ಸಂಕೇತ ಕೆಲವೇ ಮಿಲಿವೋಲ್ಟ್‌ನಷ್ಟು. ಟೇಪಿನಿಂದ ಬರುವುದು ಅದರ ಎಷ್ಟೋ ಪಟ್ಟು ಹೆಚ್ಚು. ಅಷ್ಟನ್ನು ಅಲ್ಲಿಗೆ ನುಗ್ಗಿಸಿದರೆ ಧ್ವನಿ ಒಡೆಯದೆ ಇರುವುದಿಲ್ಲ.

ನಾನು ಇದನ್ನು ಕಲಿತದ್ದು ತಪ್ಪು ಮಾಡಿ. ಮೊದಲು ಮುನ್ನೂರು ರೂಪಾಯಿಯ, ಪೆನ್‌ಡ್ರೈವ್ ಗಾತ್ರದ ಯುಎಸ್‌ಬಿ ಕಾರ್ಡನ್ನು ತಂದಿದ್ದೆ. ಅದಕ್ಕಿದ್ದದ್ದು ಎರಡೇ ಸಾಕೆಟ್, ಹಸಿರು ಮತ್ತು ಗುಲಾಬಿ. ಆರು ಕ್ಯಾಸೆಟ್ ಇಳಿಸಿ ಮುಗಿಸಿದ ಮೇಲೆ ಒಂದು ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕೇಳಿದಾಗ, ಮೂಲದಲ್ಲಿ ಎಡಕ್ಕೊಂದು ಬಲಕ್ಕೊಂದಾಗಿ ಕೇಳಿಸುತ್ತಿದ್ದ ಪೇಟಿ ಮತ್ತು ತಬಲಾ ಎರಡೂ ನಡುವೆ ಒಂದೇ ಕಡೆ ಬಂದು ಕುಳಿತಿದ್ದವು. ಅಂಥ ಕಾರ್ಡುಗಳಲ್ಲಿ ಮೈಕಿನ ದಾರಿ ಸಾಮಾನ್ಯವಾಗಿ ಮೋನೊ, ಅಂದರೆ ಎಡ-ಬಲ ಬೇರೆಯಾಗಿರದ ಒಂದೇ ದಾರಿ. ಆರನ್ನೂ ಮತ್ತೆ ಮೊದಲಿನಿಂದ ಇಳಿಸಿದೆ. ಅದಾದ ಮೇಲೆ ಹಳೆಯ ಸಾಮಾನಿನ ಅಂಗಡಿಯಲ್ಲಿ ಒಳಗೆ ಕೂರಿಸುವ ಕಾರ್ಡೊಂದು ಸಿಕ್ಕಿತೆಂದು ಹಿಗ್ಗಿ ತಂದರೆ ಅದು ಪಿಸಿಐ ಎಂಬ ಹಳೆಯ ಬಗೆಯ ಕಾರ್ಡು, ನನ್ನ ಮದರ್‌ಬೋರ್ಡಿನಲ್ಲಿದ್ದದ್ದು ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಮಾತ್ರ. ಒಂದು ಇನ್ನೊಂದರಲ್ಲಿ ಕೂರುವುದೇ ಇಲ್ಲ.

ಕೊನೆಗೆ ಕೊಂಡದ್ದು ಬೆಹ್ರಿಂಜರ್ ಯುಸಿಎ 202. ಯುಎಸ್‌ಬಿಯಿಂದಲೇ ವಿದ್ಯುತ್ ಪಡೆಯುವ ಅಂಗೈಯಗಲದ ಪೆಟ್ಟಿಗೆ ಅದು; ಕೆಂಪು-ಬಿಳಿ ಪಿನ್ನಿನ ಸ್ಟೀರಿಯೊ ಲೈನ್-ಇನ್ ಇದೆ. ಮೂರು ಸಾವಿರದ ಆಸುಪಾಸಿನಲ್ಲಿ ನನಗೆ ಸಿಕ್ಕಿತು. ಒಳಬರುವ ಧ್ವನಿಯನ್ನು ಏರಿಸಿ ಇಳಿಸುವ ಗುಂಡಿ ಅದಕ್ಕಿಲ್ಲವಾದ್ದರಿಂದ ಟೇಪಿನ ವಾಲ್ಯೂಮನ್ನೇ ಹೊಂದಿಸಿಕೊಂಡು, ರೆಕಾರ್ಡ್ ಮಾಡುವ ಅಡಾಸಿಟಿ ತಂತ್ರಾಂಶದ ಮೀಟರು ಮೈನಸ್ 6 ಡೆಸಿಬೆಲ್ ದಾಟದಂತೆ ನೋಡಿಕೊಳ್ಳಬೇಕು. ವಿಂಡೋಸಿನಲ್ಲಿ ಗದ್ದಲ ತಗ್ಗಿಸುವ ನಾಯ್ಸ್ ಸಪ್ರೆಷನ್ ಎಂಬುದಿದ್ದರೆ ಆಫ್ ಮಾಡಿಬಿಡಿ, ಒಂದೇ ಸಮನೆ ನಿಂತ ಪೇಟಿಯ ಶ್ರುತಿಯನ್ನು ಅದು ಗದ್ದಲವೆಂದು ತಿಳಿದು ನುಂಗಿಹಾಕುತ್ತದೆ.

ಡಬ್ಬಿಯ ಮೇಲೆ 24 ಬಿಟ್, 192 ಕಿಲೊಹರ್ಟ್ಸ್, 7.1 ಎಂದು ಬರೆದದ್ದಕ್ಕೆ ಈ ಕೆಲಸದಲ್ಲಿ ಹೆಚ್ಚು ದುಡ್ಡು ಕೊಡುವುದು ವ್ಯರ್ಥ. 16 ಬಿಟ್‌ನಲ್ಲಿ ಅತಿ ದೊಡ್ಡ ಮತ್ತು ಅತಿ ಸಣ್ಣ ಸದ್ದಿನ ನಡುವೆ ಸುಮಾರು 96 ಡೆಸಿಬೆಲ್ ಅಂತರ ಹಿಡಿಯುತ್ತದೆ, ಮನೆಯ ಟೇಪಿನ ಸುಯ್ ಎಂಬ ಸದ್ದು ಆ ಅತಿ ಸಣ್ಣ ಮಟ್ಟಕ್ಕಿಂತ ಬಹಳ ಮೇಲೆಯೇ ನಿಂತಿರುತ್ತದೆ. 16 ಬಿಟ್, 44.1 ಕಿಲೊಹರ್ಟ್ಸ್‌ನಲ್ಲಿ ಒಂದು ಗಂಟೆಯ ಕ್ಯಾಸೆಟ್ಟಿಗೆ ಸುಮಾರು 635 ಎಂಬಿ, ನಲವತ್ತಕ್ಕೆ 25 ಜಿಬಿಯಷ್ಟು ಜಾಗ ಸಾಕು.

ವಿಜಯಪುರದಿಂದ:

ಮೇಲಿನವರು ಗುಂಯ್ ಸದ್ದಿನ ವಿಷಯ ಬಿಟ್ಟಿದ್ದಾರೆ. ನಮ್ಮ ಮನೆಯಲ್ಲಿ ಕಾರ್ಡ್ ಬದಲಿಸಿದರೂ ಅದು ಹೋಗಿರಲಿಲ್ಲ. ಟೇಪು ಒಂದು ಗೋಡೆಯ ಪ್ಲಗ್ಗಿನಲ್ಲಿ, ಕಂಪ್ಯೂಟರು ಎದುರು ಗೋಡೆಯದರಲ್ಲಿ ಇದ್ದವು. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತಂದ ಕ್ಷಣವೇ ಸದ್ದು ಮುಕ್ಕಾಲು ಪಾಲು ಇಳಿಯಿತು. ಎರಡು ಕಡೆಯ ಅರ್ಥಿಂಗಿನ ನಡುವೆ ವ್ಯತ್ಯಾಸವಿದ್ದರೆ ಕರೆಂಟಿನ 50 ಹರ್ಟ್ಸ್ ಆ ವೈರಿನ ಮೂಲಕವೇ ಹರಿದು ಬರುತ್ತದೆ. ಉಳಿದದ್ದು ನಮ್ಮ ಅರ್ಥಿಂಗ್ ಗುಂಡಿಯ ತಪ್ಪಾಗಿತ್ತು. ಬೇಸಿಗೆಯಲ್ಲಿ ಇಲ್ಲಿಯ ಕರಿಮಣ್ಣು ಬಿರುಕು ಬಿಟ್ಟು ಒಣಗುವುದರಿಂದ ಗುಂಡಿಗೆ ಆಗಾಗ ನೀರು ಹಾಕಬೇಕಾಗುತ್ತದೆ. ಸದ್ದು ನಿಲ್ಲುತ್ತದೆಂದು ಯಾರಾದರೂ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥ್ ಪಿನ್ನನ್ನು ಮುರಿಯಲು ಹೇಳಿದರೆ ದಯವಿಟ್ಟು ಕೇಳಬೇಡಿರಿ, ಅದು ಜೀವಕ್ಕೆ ಅಪಾಯ.

ಬಾಗಲಕೋಟೆಯ ನವನಗರದಿಂದ:

ಗುರುಗಳೇ, ಒಂದು ಸಣ್ಣ ಮಾತು. ಕ್ಯಾಸೆಟ್ಟಿನ ಬೆನ್ನಿನ ಎರಡು ಮೂಲೆಯಲ್ಲಿರುವ ಪ್ಲಾಸ್ಟಿಕ್ ಚೂರುಗಳನ್ನು ಮೊದಲು ಮುರಿದುಬಿಡಿ; ಆಮೇಲೆ ಕೈತಪ್ಪಿ ರೆಕಾರ್ಡ್ ಗುಂಡಿಗೆ ಬೆರಳು ಹೋದರೂ ಅದು ಒತ್ತುವುದಿಲ್ಲ. ಟೇಪಿನ ಹೆಡ್ಡನ್ನು, ಅಂದರೆ ಕ್ಯಾಸೆಟ್ಟಿನ ಪಟ್ಟಿ ತಾಗಿ ಹಾಯುವ ಲೋಹದ ಭಾಗವನ್ನು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿರಿ. ನಾನು ಒರೆಸಿದಾಗ ಹತ್ತಿ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಆ ಮಣ್ಣಿನ ಮೇಲೆ ಯಾವ ಕಾರ್ಡ್ ಹಾಕಿದರೂ ತಾಳದ ಸದ್ದು ಮಂಕಾಗಿಯೇ ಬರುತ್ತದೆ.

ಜಮಖಂಡಿಯಿಂದ ಮತ್ತೆ:

ಎಲ್ಲರಿಗೂ ವಂದನೆಗಳು. ಹಿಂಭಾಗದಲ್ಲಿ ನೀಲಿ ಸಾಕೆಟ್ ಇತ್ತು, ಎಂಟು ವರ್ಷದ ಧೂಳಿನ ಹಿಂದೆ ಕಾಣಿಸಿರಲಿಲ್ಲ. ಟೇಪು ಮತ್ತು ಕಂಪ್ಯೂಟರನ್ನು ಒಂದೇ ಬೋರ್ಡಿಗೆ ಹಾಕಿ ಮೊದಲ ಕ್ಯಾಸೆಟ್ಟಿನ ಒಂದು ಬದಿಯನ್ನು ಇಳಿಸಿದೆ; ಧ್ವನಿ ಒಡೆಯುತ್ತಿಲ್ಲ, ಗುಂಯ್ ಸದ್ದು ಕಿವಿಗೊಟ್ಟರೆ ಮಾತ್ರ ಕೇಳುತ್ತದೆ. ಆದರೆ ಸಾಕೆಟ್ ಸಡಿಲವಾಗಿದ್ದು, ಮೇಜು ಅಲುಗಿದರೆ ಬಲಬದಿ ನಿಂತುಹೋಗುತ್ತದೆ. ನಲವತ್ತು ಕ್ಯಾಸೆಟ್‌ಗೆ ಅದನ್ನು ನಂಬಿ ಕೂರುವಂತಿಲ್ಲವಾದ್ದರಿಂದ ಬೆಳಗಾವಿಯವರು ಹೇಳಿದ ಪೆಟ್ಟಿಗೆಯನ್ನೇ ತರಿಸಲು ಹೇಳಿದ್ದೇನೆ. ಅದು ಬರುವವರೆಗೆ ಪ್ಲಾಸ್ಟಿಕ್ ಚೂರುಗಳನ್ನು ಮುರಿಯುತ್ತ, ತಂದೆಯವರು ಪೆನ್ಸಿಲಿನಲ್ಲಿ ಬರೆದಿಟ್ಟ ತಿಥಿಗಳ ಪ್ರಕಾರ ಕ್ಯಾಸೆಟ್‌ಗಳನ್ನು ಜೋಡಿಸುತ್ತಿದ್ದೇನೆ.